ಗಟ್ಟಿಮೇಳವೆಂದರೆ ನನಗೆ ಭಯ

ನಾನು ಒಂದು ಜೀವಕೋಶ. ಕಣ್ಣಿನಲ್ಲಿ ನನ್ನ ವಾಸ. ಕಣ್ಣಿನ ಮುಂಭಾಗದಲ್ಲಿ, ಕೈಗಡಿಯಾರದ ಗಾಜಿನಂತೆ, ತಿಳಿಯಾದ ಒಂದು ಪೊರೆ ಇರುತ್ತದೆ. ಡಾಕ್ಟರುಗಳು ಅದನ್ನು ಕಾರ್ನಿಯಾ ಎನ್ನುತ್ತಾರೆ. ಅದರ ಒಳಮೈಗೆ ನಾವು ಒಂದೇ ಒಂದು ಪದರವಾಗಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದೇವೆ. ಆರು ಮೂಲೆಯ ಬಿಲ್ಲೆಗಳನ್ನು ನೆಲಕ್ಕೆ ಹಾಸಿದಂತೆ ನಮ್ಮ ಸಾಲು. ನಮ್ಮ ಮೂಲಕ ಲೋಕವನ್ನೆಲ್ಲ ಕಾಣುವವರು ನಮ್ಮನ್ನು ಮಾತ್ರ ಕಂಡಿರುವುದಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ನಾವು ಯಾರ ಗಮನಕ್ಕಾದರೂ ಬಂದೆವೆಂದರೆ ನಮ್ಮ ಕೆಲಸ ಎಲ್ಲೋ ಕೆಟ್ಟಿದೆ ಎಂದೇ ಅರ್ಥ.

ನಮ್ಮದು ನೀರು ಎತ್ತಿ ಹಾಕುವ ಕೆಲಸ. ಕಣ್ಣಿನೊಳಗೆ ಸದಾ ನೀರು ಊರುತ್ತಿರುತ್ತದೆ. ಅದು ಪೊರೆಯೊಳಕ್ಕೆ ಜಿನುಗುತ್ತಲೇ ಇರುತ್ತದೆ. ಜಿನುಗಿದ್ದನ್ನು ನಾವು ಹಗಲೂ ರಾತ್ರಿ ಎತ್ತಿ ವಾಪಸು ಹಾಕುತ್ತೇವೆ. ನಾವು ಸ್ವಲ್ಪ ಸೋತರೂ ಪೊರೆ ನೆನೆದು ಊದಿಕೊಂಡು ಮಬ್ಬಾಗುತ್ತದೆ. ಇಷ್ಟೇ ಆಗಿದ್ದರೆ ನಾನು ನೆಮ್ಮದಿಯಾಗಿ ಇರುತ್ತಿದ್ದೆನೋ ಏನೋ. ಆದರೆ ನಮ್ಮ ಕುಲಕ್ಕೆ ಇನ್ನೊಂದು ಕಷ್ಟವಿದೆ. ನಮ್ಮಲ್ಲಿ ಸಾವು ಉಂಟು, ಹುಟ್ಟು ಇಲ್ಲ. ಚರ್ಮ ಕೊಯ್ದರೆ ಹೊಸ ಚರ್ಮ ಬರುತ್ತದೆ, ಕೂದಲು ಕತ್ತರಿಸಿದರೆ ಬೆಳೆಯುತ್ತದೆ. ನಮ್ಮಲ್ಲಿ ಒಬ್ಬರು ಹೋದರೆ ಆ ಜಾಗಕ್ಕೆ ಹೊಸಬರು ಬರುವುದಿಲ್ಲ. ಪಕ್ಕದವರೇ ಮೈ ಹಿಗ್ಗಿಸಿ ಆ ಸಂದನ್ನು ಮುಚ್ಚಬೇಕು, ಹೋದವರ ಪಾಲಿನ ನೀರನ್ನೂ ತಾವೇ ಎತ್ತಬೇಕು. ಹುಟ್ಟಿದಾಗಲೇ ಈ ಸಂಗತಿ ತಿಳಿದವರು ಅಂಜುಬುರುಕರಾಗದೆ ಇನ್ನೇನಾದಾರು?

ನಾನು ಹುಟ್ಟಿದ್ದು ನನ್ನ ಮೊದಲ ಒಡತಿ ಹುಟ್ಟುವುದಕ್ಕೂ ಮೊದಲೇ, ಅವರ ತಾಯಿಯ ಹೊಟ್ಟೆಯಲ್ಲಿ. ಅವರ ಹೆಸರು ಹೊಂಬಾಳಮ್ಮ. ರಾಮನಗರದ ಒಂದು ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡುತ್ತಿದ್ದರು. ಬಿಸಿನೀರಿನಲ್ಲಿ ಕುಣಿಯುವ ಗೂಡುಗಳಿಂದ ಎಳೆಯ ತುದಿ ಹುಡುಕಿ ಹಿಡಿಯುವುದು ಅವರ ಕೆಲಸ. ಕೂದಲಿಗಿಂತ ಸಣ್ಣ ಆ ಎಳೆ ಅವರಿಗೆ ತಪ್ಪದೆ ಕಾಣುತ್ತಿತ್ತು. ಹಬೆ ಮುಖಕ್ಕೆ ಹೊಡೆದಾಗ ಅವರು ಕಣ್ಣು ಪಿಳುಕಿಸುತ್ತಿದ್ದರು, ಅಷ್ಟೇ. ಐವತ್ತು ವರ್ಷ ನಾನು ಅಲ್ಲಿದ್ದೆ. ಅಲ್ಲಿ ನನ್ನ ಚಿಂತೆಗಳೆಲ್ಲ ಹುಸಿ ಚಿಂತೆಗಳಾಗಿದ್ದವು ಎಂದು ಈಗ ಅನ್ನಿಸುತ್ತದೆ.

ಒಂದು ಮಧ್ಯಾಹ್ನ ಹೊಂಬಾಳಮ್ಮ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಅವರ ಗಂಡ ಅಳುತ್ತಲೇ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿಸಿದರು. "ಅವ್ಳು ಬರ್ದು ಕೊಟ್ಟಿದ್ಲು ಸ್ವಾಮಿ, ಬ್ಯಾಡ ಅನ್ನಕ್ಕೆ ನಾನ್ಯಾರು" ಎಂದು ಅವರು ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ನನ್ನನ್ನು ಪೊರೆಸಮೇತ ತೆಗೆದು ಗುಲಾಬಿ ಬಣ್ಣದ ನೀರು ತುಂಬಿದ ಒಂದು ಸೀಸೆಯಲ್ಲಿಟ್ಟರು. ಅಲ್ಲಿ ಬಹಳ ಚಳಿ. ಆ ಮೂರು ದಿನಗಳಲ್ಲಿ ನನ್ನ ಸುತ್ತ ಎಷ್ಟೋ ಜನ ಸತ್ತರು. ನಾನು ಪಕ್ಕದವರನ್ನು ಗಟ್ಟಿಯಾಗಿ ಹಿಡಿದುಕೊಂಡು ಉಳಿದೆ.

ಮತ್ತೆ ಬೆಳಕು ಬಿದ್ದಾಗ ನಾನು ಬೇರೆಯವರ ಬಲಗಣ್ಣಿನಲ್ಲಿದ್ದೆ. ಸುತ್ತಲೂ ಸಣ್ಣ ದಾರದ ಹೊಲಿಗೆ. ಹೊಸ ಮನೆಗೆ ಸೊಸೆಯಾಗಿ ಬಂದವಳ ಹಾಗೆ ನಾನು ಮೈಯೆಲ್ಲ ಕಿವಿಯಾಗಿ ಕುಳಿತೆ. ಯಾರ ಮನೆ ಇದು? ಇಲ್ಲಿ ನನ್ನನ್ನು ಇಟ್ಟುಕೊಳ್ಳುತ್ತಾರೋ ಹೊರಗೆ ಹಾಕುತ್ತಾರೋ?

ಒಡೆಯನ ಹೆಸರು ಚೆಲುವಯ್ಯ. ನಾಗಮಂಗಲದ ಕಡೆಯವರು, ವಯಸ್ಸು ಐವತ್ತಾರು. ತಂದೆಯ ಕಾಲದಿಂದ ಓಲಗದವರು. ಚೆಲುವಯ್ಯ ನಾದಸ್ವರ ಊದುತ್ತಿದ್ದರು, ತಮ್ಮ ಕರಿಗಿರಿ ಪಕ್ಕದಲ್ಲಿ ಕುಳಿತು ಎರಡನೆಯ ನಾದಸ್ವರ ಊದುತ್ತಿದ್ದರು. ಸುತ್ತಲ ಹಳ್ಳಿಗಳಲ್ಲಿ ಇವರ ಓಲಗವಿಲ್ಲದೆ ಧಾರೆ ನಡೆದದ್ದು ಕಡಿಮೆ. ಎಡಗಣ್ಣು ಅವರಿಗೆ ಚಿಕ್ಕಂದಿನಲ್ಲೇ ಹೋಗಿತ್ತು. ಉಳಿದಿದ್ದ ಬಲಗಣ್ಣು ಕೆಟ್ಟದ್ದು ಒಂದು ಮದುವೆಯಲ್ಲಿ. ಮಾಂಗಲ್ಯ ಕಟ್ಟುವ ಹೊತ್ತಿಗೆ ಜನ ವಧೂವರರ ಕಡೆಗೆ ಎಸೆದ ಅಕ್ಷತೆಯಲ್ಲಿ ಒಂದು ಕಾಳು ಹಾರಿ ಬಂದು ಚೆಲುವಯ್ಯನವರ ಕಣ್ಣಿಗೆ ಬಡಿಯಿತು. ಗಟ್ಟಿಮೇಳ ಊದುತ್ತಿದ್ದ ಕೈ ಬಿಡುವಂತಿರಲಿಲ್ಲ. ಮುಗಿಸಿದ ಮೇಲೆ ಒರೆಸಿಕೊಂಡರು. ಮನೆಗೆ ಹೋಗಿ ಯಾರೋ ಹೇಳಿದ ಸೊಪ್ಪಿನ ರಸ ಹಿಂಡಿಕೊಂಡರು. ಕಣ್ಣು ಹುಣ್ಣಾಗಿ, ಬೆಳ್ಳಗೆ ಕಲೆಕಟ್ಟಿ, ಕೊನೆಗೆ ನಮ್ಮನ್ನು ಕೂರಿಸಬೇಕಾಯಿತು. ಈ ಒಂದು ಕಣ್ಣು ಹೋದರೆ ಚೆಲುವಯ್ಯನವರಿಗೆ ಪೂರ್ತಿ ಕತ್ತಲೆ. ಇದು ತಿಳಿದ ದಿನದಿಂದ ನನ್ನ ಅಂಜಿಕೆಗೆ ಒಂದು ನ್ಯಾಯವಾದ ಕಾರಣ ಸಿಕ್ಕಿತು.

ಪಟ್ಟಿ ಬಿಚ್ಚಿದ ಬೆಳಿಗ್ಗೆ ಅವರು ಮೊದಲು ನೋಡಿದ್ದು ಹೆಂಡತಿ ಸಾಕಮ್ಮನವರ ಮುಖವನ್ನು. "ಏನಮ್ಮಿ, ಇಷ್ಟೊಂದು ನೆರೆತೋಗಿದ್ದೀಯ!" ಎಂದರು. ಸಾಕಮ್ಮ ಅತ್ತುಬಿಟ್ಟರು. ನನಗೆ ಹೆಮ್ಮೆಯಾಯಿತು. ಇರಲಿ, ಇಂಥ ಮನುಷ್ಯನಿಗೆ ದುಡಿಯಬಹುದು ಅಂದುಕೊಂಡೆ.

ಇವರು ಮನೆಗೆ ಹೊರಡುವಾಗ ಆಸ್ಪತ್ರೆಯ ಡಾಕ್ಟರ್ ಶಾಹೀನಾ ಬಿಡಿಸಿ ಬಿಡಿಸಿ ಹೇಳಿದರು. "ಭಾರ ಎತ್ತಬೇಡಿ. ಮುಕ್ಕಿರಿದು ಯಾವ ಕೆಲಸಾನೂ ಮಾಡಬೇಡಿ. ಉಸಿರು ಬಿಗಿಹಿಡಿಯೋ ಕೆಲಸ ಅಂತೂ ಬೇಡವೇ ಬೇಡ. ಏನು ಕೆಲಸ ಮಾಡ್ತೀರಿ ನೀವು?"

ನಾದಸ್ವರ ಎಂದರೆ ಬಿಟ್ಟುಬಿಡಿ ಅನ್ನುತ್ತಾರೆ ಎಂಬುದು ಚೆಲುವಯ್ಯನವರಿಗೆ ಅಷ್ಟರಲ್ಲೇ ಹೊಳೆದಿತ್ತು. "ವ್ಯವಸಾಯ ಕಣವ್ವ" ಎಂದರು. ಮನೆಯ ಹಿಂದೆ ನಾಲ್ಕು ಬದನೆ ಗಿಡ ಇದ್ದದ್ದು ನಿಜ. ಡಾಕ್ಟರು ಅದನ್ನೇ ಬರೆದುಕೊಂಡರು. ಪಕ್ಕದಲ್ಲಿ ನಿಂತಿದ್ದ ಸಾಕಮ್ಮ ಬಾಯಿ ತೆರೆದರು, ಗಂಡನ ಮುಖ ನೋಡಿ ಮುಚ್ಚಿಕೊಂಡರು.

ಏಳು ತಿಂಗಳು ಅವರು ವಾದ್ಯ ಮುಟ್ಟಲಿಲ್ಲ. ಎಂಟನೆಯ ತಿಂಗಳಿಗೆ ಮದುವೆಗಳು ಶುರುವಾದವು, ಅವರು ಹೋಗಿಯೇ ಹೋದರು. ಗಟ್ಟಿಮೇಳ ಎಂದರೇನು ಎಂದು ನನಗೆ ತಿಳಿದದ್ದು ಆ ದಿನ. ಮಾಂಗಲ್ಯ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು ವಾದ್ಯಗಳೆಲ್ಲ ಒಟ್ಟಿಗೆ ಭೋರೆಂದು ಏಳಬೇಕು. ನಾದಸ್ವರದವರು ಎದೆಯಲ್ಲಿರುವ ಉಸಿರನ್ನೆಲ್ಲ ಬಾಯಿಗಿಡುವ ಆ ಸಣ್ಣ ಪೀಪಿಯೊಳಗೆ ನುಗ್ಗಿಸಬೇಕು. ಕೆನ್ನೆ ಉಬ್ಬಿತು, ಕುತ್ತಿಗೆಯ ನರ ಬಿಗಿಯಿತು, ಅದರ ಹಿಂದೆಯೇ ಕಣ್ಣಿನೊಳಗಿನ ನೀರು ನಮ್ಮನ್ನು ಪೊರೆಗೆ ಒತ್ತಿಹಿಡಿಯಿತು. ಚೌಲ್ಟ್ರಿಯಲ್ಲಿದ್ದವರಿಗೆಲ್ಲ ಅದು ಶುಭಗಳಿಗೆ. ನಾನು ಮಾತ್ರ ಯಾವಾಗ ಮುಗಿಯುತ್ತದೋ ಎಂದು ಎಣಿಸುತ್ತಿದ್ದೆ. ಅವರು ನಾದಸ್ವರ ಇಳಿಸಿದ ಮೇಲೆ ಒತ್ತಡವೂ ಇಳಿಯಿತು. ಸದ್ಯ ಬದುಕಿದೆ ಅಂದುಕೊಂಡೆ.

ಬರಬರುತ್ತಾ ಇಳಿಯುವುದು ಕಡಿಮೆಯಾಯಿತು. ಪೊರೆಯನ್ನು ಈ ದೇಹ ಹೊರಗೆ ತಳ್ಳದಿರಲೆಂದು ಡಾಕ್ಟರು ಒಂದು ಔಷಧಿ ಕೊಟ್ಟಿದ್ದರು. ನಮ್ಮನ್ನು ಕಾಪಾಡಿದ್ದು ಅದೇ. ಆದರೆ ಕೆಲವರ ಕಣ್ಣಿನಲ್ಲಿ ಅದು ನೀರು ಹೊರಹೋಗುವ ಕಂಡಿಯನ್ನು ಕಟ್ಟಿಹಾಕುತ್ತದಂತೆ. ಬಚ್ಚಲ ಕಂಡಿ ಕಟ್ಟಿಕೊಂಡರೆ ನೀರು ನಿಲ್ಲುವುದಿಲ್ಲವೇ, ಹಾಗೆ ನಮ್ಮಲ್ಲೂ ನಿಂತಿತು. ತಪಾಸಣೆಗೆ ಹೋದಾಗ ಡಾಕ್ಟರ್ ಶಾಹೀನಾ ಅಳೆದು ನೋಡಿ ಹುಬ್ಬು ಗಂಟಿಕ್ಕಿದರು. "ಗ್ಲಾಕೋಮಾ ಶುರುವಾಗಿದೆ ಚೆಲುವಯ್ಯನವರೇ. ಕಣ್ಣಿನ ಪ್ರೆಶರ್ ಜಾಸ್ತಿ ಇದೆ. ಇದು ಹಿಂದಿನ ನರವನ್ನ ಸದ್ದಿಲ್ಲದೆ ತಿನ್ನುತ್ತೆ. ಹಾಕಿರೋ ಪೊರೆಯ ಜೀವಕೋಶಗಳನ್ನೂ ಸಾಯಿಸುತ್ತೆ. ಈ ಡ್ರಾಪ್ಸ್ ಬೆಳಿಗ್ಗೆ ಒಂದು ತೊಟ್ಟು, ಸಂಜೆ ಒಂದು ತೊಟ್ಟು. ತಪ್ಪಿಸೋ ಹಾಗಿಲ್ಲ" ಎಂದರು.

ಹೊಸ ಡ್ರಾಪ್ಸ್ ಬಿದ್ದ ಮೇಲೆ ನೀರಿನ ಒತ್ತಡ ತಗ್ಗಿತು. ನಾವು ಉಸಿರಾಡಿದೆವು. ಆದರೆ ಚೆಲುವಯ್ಯನವರ ಉಸಿರು ಕಟ್ಟತೊಡಗಿತು. ಕಣ್ಣಿಗೆ ಬಿದ್ದ ಮದ್ದು ಒಳಗಿಳಿದು ಎದೆಯನ್ನು ಬಿಗಿಮಾಡುತ್ತಿತ್ತು. ಮೆಟ್ಟಿಲು ಹತ್ತುವವರಿಗೆ, ಅಂಗಡಿಯಲ್ಲಿ ಕೂರುವವರಿಗೆ ಅದು ಗೊತ್ತಾಗದೆಯೂ ಹೋಗಬಹುದಿತ್ತು. ಉಸಿರನ್ನೇ ನಂಬಿ ಬದುಕಿದವರಿಗೆ ಗೊತ್ತಾಗದೆ ಇರುತ್ತದೆಯೇ? ಬೆಳ್ಳೂರಿನ ಒಂದು ಮದುವೆಯಲ್ಲಿ ಗಟ್ಟಿಮೇಳದ ನಡುವೆಯೇ ಅವರ ಉಸಿರು ನಿಂತು ನಾದ ಕತ್ತರಿಸಿತು. ಕರಿಗಿರಿ ತಾವೇ ಎಳೆದು ಹೇಗೋ ಮುಚ್ಚಿಹಾಕಿದರು. ಯಾರೂ ಏನೂ ಅನ್ನಲಿಲ್ಲ. ಚೆಲುವಯ್ಯ ಮಾತ್ರ ಊಟಕ್ಕೆ ಕೂರದೆ ಬಂದುಬಿಟ್ಟರು.

ಮನೆಗೆ ಬಂದು ಅವರು ಆ ಪುಟ್ಟ ಬಾಟಲಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಬಾಟಲಿಯ ನೆರಳು ನನ್ನ ಮೇಲೆ ಬಿದ್ದಿತ್ತು. ಅವರ ಲೆಕ್ಕಾಚಾರ ಸರಿಯಾಗಿಯೇ ಇತ್ತು, ಉಸಿರು ಕೆಡಿಸಿದ್ದು ಆ ಔಷಧಿಯೇ. ಹಾಗೆಂದು ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಬೇರೆ ಔಷಧಿ ಸಿಗುತ್ತಿತ್ತು. ಹೇಳುವುದು ಹೇಗೆ? ಉಸಿರಿನ ಮಾತೆತ್ತಿದರೆ ನಾದಸ್ವರದ ಮಾತು ಬರುತ್ತದೆ, ನಾದಸ್ವರದ ಮಾತು ಬಂದರೆ ಬದನೆ ಗಿಡದ ಬಣ್ಣ ಬಯಲಾಗುತ್ತದೆ. ಅವರು ಯಾರಿಗೂ ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಎಂದಿನಂತೆ ಜಗಲಿಯಲ್ಲಿ ಕುಳಿತು ತಲೆ ಹಿಂದಕ್ಕೆ ವಾಲಿಸಿದರು. ಬಾಟಲಿ ಬಂತು, ತೊಟ್ಟು ತುದಿಯಲ್ಲಿ ತೂಗಿತು. ಅದು ಬೀಳುವ ಕ್ಷಣಕ್ಕೆ ಸರಿಯಾಗಿ ಅವರು ಕಣ್ಣು ಮುಚ್ಚಿದರು. ತೊಟ್ಟು ರೆಪ್ಪೆಯ ಮೇಲೆ ಬಿದ್ದು ಕೆನ್ನೆಗೆ ಹರಿಯಿತು. ಸಾಕಮ್ಮ ಬಂದು, "ಎಷ್ಟ್ ಬಿಟ್ಕತೀರಿ, ಸೋರೋಯ್ತಾ ಅದೆ ನೋಡಿ" ಎಂದು ಸೆರಗಿನಿಂದ ಒರೆಸಿದರು. ಒಳಗೆ ಕತ್ತಲಲ್ಲಿ ನಾನು ಕೂಗಿಕೊಂಡೆ. ಜೀವಕೋಶದ ಕೂಗು ಯಾರಿಗೆ ಕೇಳಿಸಬೇಕು? ಹೀಗೆ ದಿನಕ್ಕೆರಡು ಸಲ, ಹತ್ತು ತಿಂಗಳು ನಡೆಯಿತು. ಆಸ್ಪತ್ರೆಯಿಂದ ಕರೆ ಬಂದಾಗಲೆಲ್ಲ ಅವರು ಕೆಲಸ ಜಾಸ್ತಿ ಎಂದು ನೆಪ ಹೇಳಿದರು.

ಆ ಹತ್ತು ತಿಂಗಳನ್ನು ನೆನೆದರೆ ನನಗೆ ಈಗಲೂ ನಡುಕ ಬರುತ್ತದೆ. ಒತ್ತಡ ಒಂದೇ ಸಮನೆ ಏರಿತು. ನಮಗೆ ಉಣ್ಣಲು ಉಸಿರಾಡಲು ಎಲ್ಲ ಕೊಡುತ್ತಿದ್ದ ಅದೇ ನೀರು ನಮ್ಮನ್ನು ಅದುಮುತ್ತಿತ್ತು. ಮೊದಲು ನನ್ನ ಎಡಗಡೆಯವಳು ಹೋದಳು. ರಾಮನಗರದಿಂದ ಜೊತೆಯಲ್ಲಿ ಬಂದವಳು, ಸೀಸೆಯ ಚಳಿಯಲ್ಲಿ ನನ್ನನ್ನು ಹಿಡಿದುಕೊಂಡಿದ್ದವಳು. ಅವಳ ಜಾಗ ಮುಚ್ಚಲು ನಾನು ಮೈ ಚಾಚಿದೆ. ಆಮೇಲೆ ಮೇಲಿನವರು, ಆಮೇಲೆ ಒಂದೇ ವಾರದಲ್ಲಿ ಇಬ್ಬರು. ಚಾಚಿ ಚಾಚಿ ನನ್ನ ಆರು ಮೂಲೆಗಳು ಹೋಗಿ, ತುಳಿದ ಬೆಲ್ಲದ ಅಚ್ಚಿನ ಹಾಗೆ ಸೊಟ್ಟಗಾದೆ. ಎಷ್ಟು ಎತ್ತಿ ಹಾಕಿದರೂ ನೀರು ಮುಗಿಯುತ್ತಿರಲಿಲ್ಲ. ನನ್ನ ಸರದಿ ಇವತ್ತೋ ನಾಳೆಯೋ ಎಂಬ ಭಯದಲ್ಲೇ ದುಡಿದೆ.

ರೆಪ್ಪೆ ಮುಚ್ಚಿ ಮಲಗಿದಾಗ ಪೊರೆ ಹೆಚ್ಚು ನೆನೆಯುತ್ತದೆ. ಹಾಗಾಗಿ ಬೆಳಗಿನ ಹೊತ್ತು ಚೆಲುವಯ್ಯನವರಿಗೆ ಎಲ್ಲವೂ ಹೊಗೆ ಮುಸುಕಿದಂತೆ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತುಸು ತಿಳಿಯಾಗುತ್ತಿತ್ತು. "ಒಲೆ ಹೊಗೆ ಜಾಸ್ತಿ ಆಯ್ತು ಕಣಮ್ಮಿ" ಎನ್ನುತ್ತಿದ್ದರು. "ಗ್ಯಾಸ್ ಒಲೇಲಿ ಯಾವ ಹೊಗೆ ಬತ್ತದೆ?" ಎಂದು ಸಾಕಮ್ಮ ದಿಟ್ಟಿಸಿ ನೋಡುತ್ತಿದ್ದರು. ದೀಪಗಳ ಸುತ್ತ ಬಣ್ಣದ ಬಳೆಗಳು ಕಾಣಿಸತೊಡಗಿದ್ದನ್ನು ಅವರು ಹೆಂಡತಿಗೂ ಹೇಳಲಿಲ್ಲ.

ಮುಹೂರ್ತಗಳು ಇರುವುದು ಬೆಳಿಗ್ಗೆಯೇ. ಆ ದಿನ ನಾಗಮಂಗಲದ ಚೌಲ್ಟ್ರಿಯೊಂದರಲ್ಲಿ ದೊಡ್ಡ ಮದುವೆ. ಈಗಿನ ಗದ್ದಲದಲ್ಲಿ ಪುರೋಹಿತರು "ಗಟ್ಟಿಮೇಳ" ಎಂದು ಕೂಗಿದರೂ ಓಲಗದವರ ತನಕ ತಲುಪುವುದಿಲ್ಲ. ಅದಕ್ಕೆ ಅವರು ಬಲಗೈ ಎತ್ತಿ ಬೆರಳು ಆಡಿಸುತ್ತಾರೆ. ಮುಖ್ಯ ನಾದಸ್ವರದವರ ಕಣ್ಣು ಆ ಕೈ ಮೇಲೇ ಇರಬೇಕು. ಅವರು ಎತ್ತಿದ ಮೇಲೆ ಉಳಿದವರು ಎತ್ತಬೇಕು. ತಪ್ಪೋ ಸರಿಯೋ, ಹಿರಿಯರು ಎತ್ತಿದ್ದನ್ನು ಕಿರಿಯರು ಬಿಡುವಂತಿಲ್ಲ. ಇದು ಇವರ ಮನೆಯ ಪದ್ಧತಿ.

ಚೆಲುವಯ್ಯ ಮಂಟಪದ ಕಡೆ ಕಣ್ಣು ನೆಟ್ಟು ಕುಳಿತಿದ್ದರು. ನಾವು ನೆನೆದು ಮಬ್ಬಾಗಿದ್ದೆವು. ನಮ್ಮ ಮೂಲಕ ಹಾದ ಬೆಳಕೆಲ್ಲ ಗಂಜಿಯ ಹಾಗಿತ್ತು. ಬಿಳಿಯ ಆಕೃತಿಯೊಂದು ಕೈ ಎತ್ತಿ ಆಡಿಸಿದ್ದು ಕಂಡಿತು. ಅದು ಪುರೋಹಿತರಲ್ಲ, ಬಿಳಿ ಅಂಗಿಯ ವಿಡಿಯೋದವನು. ಅಡ್ಡ ನಿಂತ ಹೆಂಗಸರಿಗೆ ಆಚೆ ಸರಿಯಿರಿ ಎಂದು ಸನ್ನೆ ಮಾಡುತ್ತಿದ್ದ. ಚೆಲುವಯ್ಯ ನಾದಸ್ವರ ಎತ್ತಿಯೇಬಿಟ್ಟರು. ಕರಿಗಿರಿಗೆ ತಪ್ಪೆಂದು ಕಾಣುತ್ತಿತ್ತು. ಆದರೂ ಅಣ್ಣ ಎತ್ತಿದ್ದನ್ನು ಬಿಡಲಾರದೆ ಅವರೂ ಊದಿದರು, ಡೋಲಿನವರು ಬಾರಿಸಿದರು. ಗಟ್ಟಿಮೇಳ ಕೇಳಿದ ಕೂಡಲೇ ಜನರ ಕೈಯಲ್ಲಿದ್ದ ಅಕ್ಷತೆಯೆಲ್ಲ ಹಾರಿತು. ಮಾಂಗಲ್ಯದ ತಟ್ಟೆ ಆಗಿನ್ನೂ ಹಿರಿಯರು ಮುಟ್ಟಿ ಹರಸಲೆಂದು ಮೂರನೆಯ ಸಾಲಿನಲ್ಲಿ, ಒಬ್ಬ ಸೋದರತ್ತೆಯ ಕೈಯಲ್ಲಿತ್ತು.

"ನಿಲ್ಸಿ! ನಿಲ್ಸ್ರಯ್ಯಾ!" ಎಂದು ಪುರೋಹಿತರು ಎದ್ದು ನಿಂತು ಕೂಗಿದರು. ವಾದ್ಯ ನಿಂತಿತು. ಹುಡುಗಿಯ ತಾಯಿ ಅಳತೊಡಗಿದರು. ನಿಜವಾದ ಮಾಂಗಲ್ಯ ಕಟ್ಟುವ ಹೊತ್ತಿಗೆ ಜನರ ಕೈಯಲ್ಲಿ ಅಕ್ಷತೆ ಇರಲಿಲ್ಲ. ಬಗ್ಗಿ ನೆಲದಿಂದ ಆಯ್ದುಕೊಂಡರು. ಆ ಎರಡನೆಯ ಗಟ್ಟಿಮೇಳವನ್ನು ಕರಿಗಿರಿ ಒಬ್ಬರೇ ಊದಿದರು. ಹುಡುಗಿಯ ತಾತ ಬೈಯಲಿಲ್ಲ. ಹತ್ತಿರ ಬಂದು, "ನನ್ ಮದ್ವೇಲಿ ನಿಮ್ಮಪ್ಪ ಊದಿದ್ದ ಕಣಯ್ಯ ಚೆಲುವಯ್ಯ. ಹಿಂಗಾಗಿರ್ನಿಲ್ಲ" ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಹೊರಗೆ ಬಂದಮೇಲೆ ಕರಿಗಿರಿ ಅಣ್ಣನ ಮುಖದ ಮುಂದೆ ಕೈ ಹಿಡಿದರು. "ಅಣ್ಣೋ, ಇದೆಷ್ಟು ಬೆರಳು?" ಚೆಲುವಯ್ಯ ಆ ಕೈಯನ್ನು ತಡವಿ ಹಿಡಿದು ಕೆಳಗಿಳಿಸಿದರು. ಕರಿಗಿರಿ ಅಲ್ಲಿಂದಲೇ ಸಾಕಮ್ಮನವರಿಗೆ ಫೋನ್ ಮಾಡಿ ಕರೆಸಿಕೊಂಡರು. ಮೂವರೂ ಆಸ್ಪತ್ರೆಯ ದಾರಿ ಹಿಡಿದರು.

ಡಾಕ್ಟರ್ ಶಾಹೀನಾ ಅಳೆದರು. ಎರಡನೆಯ ಸಲವೂ ಅಳೆದರು. ಆಮೇಲೆ ಒಂದು ಯಂತ್ರದ ಮುಂದೆ ಕೂರಿಸಿ ನಮ್ಮ ಫೋಟೋ ತೆಗೆದರು. ಜನ್ಮದಲ್ಲಿ ಮೊದಲ ಸಲ ನನ್ನವರ ಮುಖವನ್ನು ನಾನು ಕಂಪ್ಯೂಟರಿನ ಪರದೆಯ ಮೇಲೆ ಕಂಡೆ. ನನಗೆ ನಾಚಿಕೆಯಾಯಿತು. ಎಷ್ಟು ಸೊಟ್ಟಗಿದ್ದೆವು, ಎಷ್ಟು ಕಡಿಮೆ ಇದ್ದೆವು!

"ನೋಡಿ ಇಲ್ಲಿ" ಎಂದರು ಡಾಕ್ಟರು. "ಪೊರೆ ಹಾಕಿದಾಗ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಎರಡು ಸಾವಿರದ ಮುನ್ನೂರು ಜೀವಕೋಶ ಇದ್ವು. ಈಗ ಒಂಬೈನೂರು. ಸತ್ತಿದ್ದು ತಿರುಗಿ ಹುಟ್ಟಲ್ಲ. ಇನ್ನೂ ಇಳಿದರೆ ಪೊರೆ ಕಾಯಂ ಬೆಳ್ಳಗಾಗುತ್ತೆ. ಹಿಂದಿನ ನರಾನೂ ಮೂರನೇ ಒಂದು ಭಾಗ ಹೋಗಿದೆ. ಡ್ರಾಪ್ಸ್ ಹಾಕ್ತಿದ್ದೀರಾ?"

"ದಿನಾ ಎಲ್ಡೊತ್ತೂ ಹಾಕ್ಕತಾರೆ ಡಾಕ್ಟ್ರೇ" ಎಂದರು ಸಾಕಮ್ಮ. "ನಾನೇ ಒರೆಸ್ತೀನಲ್ಲ."

ಚೆಲುವಯ್ಯ ತಲೆ ತಗ್ಗಿಸಿದರು. "ಒಳಿಕ್ಕೆ ಒಂದ್ ತೊಟ್ಟೂ ಹೋಗಿಲ್ಲ ಕಣವ್ವ" ಎಂದರು. "ಅದ ಬುಟ್ಕಂಡ್ರೆ ಉಸ್ರು ನಿಲ್ತಿರ್ನಿಲ್ಲ. ನಾನು ವ್ಯವಸಾಯದೋನಲ್ಲ, ಓಲಗದೋನು. ಉಸ್ರಿಲ್ದೆ ಏನ ಊದ್ಲಿ?"

ಸಾಕಮ್ಮ ತಮ್ಮ ಸೆರಗಿನ ತುದಿಯನ್ನು ಕೈಯಲ್ಲಿ ಹಿಡಿದು ನೋಡಿಕೊಂಡರು. "ಹಂಗಾರೆ ಇಷ್ಟ್ ದಿನ ನಾನು ಔಸ್ದೀನೇ ಒರ್ಸಾಕ್ದಾ?" ಎಂದರು. ಆ ಮಾತಿಗೆ ಚೆಲುವಯ್ಯನವರ ಕಣ್ಣು ತುಂಬಿತು. ನಾನು ಒಳಗೆ ಕುಳಿತು ಅವರನ್ನು ಬೈದುಕೊಂಡಿದ್ದೆಲ್ಲ ಆಗ ಕರಗಿಹೋಯಿತು.

ಡಾಕ್ಟರು ದನಿ ತಗ್ಗಿಸಿದರು. "ಒಂದು ಮಾತು ಹೇಳಿದ್ರೆ ಈ ಡ್ರಾಪ್ಸೇ ಕೊಡ್ತಿರಲಿಲ್ಲ. ಉಸಿರಿಗೆ ತೊಂದರೆ ಮಾಡದ್ದು ಬೇರೆ ಇದೆ, ಅದನ್ನ ಕೊಡ್ತೀನಿ. ಆದ್ರೆ ಸುಳ್ಳು ಸಮಾಧಾನ ಹೇಳಲ್ಲ. ಈ ಕಣ್ಣಿಟ್ಟುಕೊಂಡು ನಾದಸ್ವರ ಊದೋ ಹಾಗಿಲ್ಲ. ಊದಿದಾಗಲೆಲ್ಲ ಪ್ರೆಶರ್ ಏರುತ್ತೆ. ಉಳಿದಿರೋದನ್ನ ಉಳಿಸಿಕೊಳ್ಳೋದು ನಿಮ್ಮ ಕೈಲಿದೆ."

ಅವರು ಏನು ಆರಿಸಿಕೊಳ್ಳುತ್ತಾರೆ? ಎರಡು ವಾರ ನನಗೆ ಗೊತ್ತಾಗಲಿಲ್ಲ. ಹೊಸ ಡ್ರಾಪ್ಸನ್ನು ಸಾಕಮ್ಮ ತಾವೇ ಕೈಯಾರೆ ಹಾಕುತ್ತಿದ್ದರು, ರೆಪ್ಪೆಯನ್ನು ಎರಡು ಬೆರಳಲ್ಲಿ ಅಗಲಿಸಿ ಹಿಡಿದು. ಒತ್ತಡ ಇಳಿಯುತ್ತಿತ್ತು, ಮಬ್ಬೂ ಕರಗುತ್ತಿತ್ತು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಚೆಲುವಯ್ಯ ನಾದಸ್ವರವನ್ನು ಚೀಲದಿಂದ ತೆಗೆದರು. ಬಟ್ಟೆಯಿಂದ ಒರೆಸಿದರು. ಪೀಪಿಯನ್ನು ನೆನೆಸಿ ಸಿಕ್ಕಿಸಿದರು. ತುಟಿಗಿಟ್ಟರು. ನಾನು ಪಕ್ಕದವರನ್ನು ಹಿಡಿದುಕೊಂಡೆ. ನಮ್ಮ ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅವರು ಊದಲಿಲ್ಲ. ಬೆರಳುಗಳು ಮಾತ್ರ ತೂತುಗಳ ಮೇಲೆ ಓಡಾಡಿದವು, ಪೂರಾ ಒಂದು ರಾಗ ಮುಗಿಯುವಷ್ಟು ಹೊತ್ತು. ಸದ್ದೇ ಇಲ್ಲದ ಆ ರಾಗವನ್ನು ಕೇಳಿದವನು ನಾನೊಬ್ಬನೇ ಇರಬೇಕು. ಆಮೇಲೆ ಅದನ್ನು ಚೀಲಕ್ಕೆ ಹಾಕಿ, ಬೀದಿ ದಾಟಿ ಹೋಗಿ ಕರಿಗಿರಿಯ ಕೈಗೆ ಕೊಟ್ಟು ಬಂದರು.

ಇದಾಗಿ ಆರು ವರ್ಷ. ನನಗೆ ಈಗ ಮುಪ್ಪು. ಮೊನ್ನೆಯ ಫೋಟೋದಲ್ಲಿ ನಾವು ಎಂಟುನೂರು ಚಿಲ್ಲರೆ ಇದ್ದೆವು. ಇದು ತೀರ ಕಡಿಮೆ ಎಂದು ನನಗೆ ಗೊತ್ತು. ದಿನವೂ ಎದ್ದ ಕೂಡಲೇ ಪಕ್ಕದವರೆಲ್ಲ ಇದ್ದಾರೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತೇನೆ. ಒಬ್ಬ ಮನುಷ್ಯ ಅಷ್ಟು ಪ್ರೀತಿಸಿದ್ದನ್ನು ನಮ್ಮಂಥ ಕಣ್ಣಿಗೆ ಕಾಣದವರಿಗಾಗಿ ಬಿಟ್ಟುಕೊಟ್ಟರಲ್ಲ ಎಂದು ಕೆಲವೊಮ್ಮೆ ಬಹಳ ಸಂಕಟವಾಗುತ್ತದೆ. ಅದಕ್ಕೆ ತಕ್ಕಂತೆ ನೀರು ಎತ್ತಿ ಹಾಕುವುದೊಂದೇ ನಾನು ಮಾಡಬಹುದಾದದ್ದು.

ಚೆಲುವಯ್ಯ ಮದುವೆಗಳಿಗೆ ಹೋಗುವುದನ್ನು ಬಿಟ್ಟಿಲ್ಲ. ಕರಿಗಿರಿ ಈಗ ಮುಖ್ಯ ನಾದಸ್ವರ. ಚೆಲುವಯ್ಯ ತಾಳ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಪುರೋಹಿತರ ಕೈ ನೋಡುವ ಕೆಲಸ ಮಾತ್ರ ಅವರದೇ. "ಅಣ್ಣ ಹೇಳ್ದೆ ನಾನು ಎತ್ತಕಿಲ್ಲ" ಎನ್ನುತ್ತಾರೆ ಕರಿಗಿರಿ.

ನಿನ್ನೆ ಬೆಳಿಗ್ಗೆಯೂ ಒಂದು ಧಾರೆ ಇತ್ತು. ಅದೇ ಚೌಲ್ಟ್ರಿ, ಅಷ್ಟೇ ಜನ. ವಿಡಿಯೋದವರು ಒಬ್ಬರಲ್ಲ, ಮೂವರು ಕೈ ಆಡಿಸುತ್ತಿದ್ದರು. ಚೆಲುವಯ್ಯ ಅಲುಗಾಡಲಿಲ್ಲ. ಮಾಂಗಲ್ಯದ ತಟ್ಟೆ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹೋಗಿ ಮಂಟಪಕ್ಕೆ ಮರಳಿದ್ದನ್ನು ಅವರು ನೋಡಿದರು. ಪುರೋಹಿತರ ಬೆರಳು ಎದ್ದದ್ದನ್ನು ನೋಡಿದರು. ತಮ್ಮನ ಮೊಣಕಾಲು ತಟ್ಟಿದರು. ಗಟ್ಟಿಮೇಳ ಎದ್ದಿತು. ಹಳೆಯ ಅಭ್ಯಾಸ, ಅವರ ಕೆನ್ನೆಗಳು ಬರಿದೇ ಉಬ್ಬಿದವು. ನನ್ನದೂ ಹಳೆಯ ಅಭ್ಯಾಸ, ನಾನು ಪಕ್ಕದವರನ್ನು ಹಿಡಿದುಕೊಂಡು ಒತ್ತಡಕ್ಕೆ ಕಾದೆ. ಅದು ಬರಲಿಲ್ಲ.

ಆಗ ಅಕ್ಷತೆ ಹಾರಿತು. ಅರಿಸಿನ ಹಚ್ಚಿದ ಒಂದು ಅಕ್ಕಿಕಾಳು ಎಲ್ಲರ ತಲೆಯ ಮೇಲಿಂದ ನೇರವಾಗಿ ನಮ್ಮ ಕಡೆಗೇ ಬಂತು. ಹೆದರಿಕೆಯಲ್ಲಿ ನನ್ನ ಕೆಲಸವೇ ಮರೆತುಹೋಯಿತು. ಆದರೆ ಈ ಸಲ ಚೆಲುವಯ್ಯನವರಿಗೆ ಅದು ಬರುವುದು ಸ್ಪಷ್ಟವಾಗಿ ಕಂಡಿತ್ತು. ಅವರು ಕಣ್ಣು ಮುಚ್ಚಿದರು. ಕಾಳು ರೆಪ್ಪೆಗೆ ಬಡಿದು ಅವರ ಮಡಿಲಿಗೆ ಬಿತ್ತು.